ಸಾಬೂನು: ವಿನೋದವೋ, ಕಸುಬೋ?

ಬೆಂಗಳೂರಿನ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ಹೊಸದೊಂದು ವಿನೋದವು ಹಬ್ಬಿರುವುದನ್ನು ವಾಚಕರು ಗಮನಿಸಿರಬಹುದು. ಭಾನುವಾರದ ದಿನ ಹತ್ತಾರು ಮಂದಿ ಒಂದೆಡೆ ಸೇರಿ, ತಲೆಗಿಷ್ಟೆಂದು ಶುಲ್ಕ ತೆತ್ತು, ಮನೆಯಲ್ಲಿಯೇ ಸಾಬೂನು ಮಾಡುವ ಕ್ರಮವನ್ನು ಕಲಿಯುತ್ತಾರೆ. ಕೆಲವರು ಮೇಣದ ಬತ್ತಿ ಎರಕ ಹೊಯ್ಯುತ್ತಾರೆ. ಕೆಲವರು ಕುಂಬಾರನ ಚಕ್ರದ ಮುಂದೆ ಕುಳಿತು ಬಟ್ಟಲು ತಿರುಗಿಸುತ್ತಾರೆ. ಮತ್ತೆ ಕೆಲವರು ಉಣ್ಣೆ ಹೆಣೆಯುತ್ತಾರೆ. ಇದನ್ನು ಪರಿಹಾಸ ಮಾಡುವ ಪತ್ರಿಕೆಗಳುಂಟು. ನಾವು ಆ ಪಂಕ್ತಿಗೆ ಸೇರಿದವರಲ್ಲ. ದಿನವಿಡೀ ಬೆರಳ ತುದಿಯಿಂದ ಗಾಜಿನ ಫಲಕವನ್ನು ಸವರುತ್ತಿರುವ ಜನಕ್ಕೆ ಕೈಗೆ ಬೇರೆ ಕೆಲಸವೂ ಉಂಟೆಂಬುದು ವಾರಕ್ಕೊಮ್ಮೆಯಾದರೂ ನೆನಪಿಗೆ ಬರುವುದಾದರೆ ಅದಕ್ಕೆ ತೆತ್ತ ಶುಲ್ಕವು ವ್ಯರ್ಥವಲ್ಲ. ಆದರೆ ಪಟ್ಟಣದಲ್ಲಿ ವಿನೋದವಾಗಿ ಹುಟ್ಟಿದ್ದು ಸರ್ಕಾರದ ಯೋಜನೆಯ ವೇಷ ತೊಟ್ಟು ಹಳ್ಳಿಗೆ ಇಳಿದು ಬರುವಾಗ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡ ಮೇಲೆ, ಈ ವಿಷಯವಾಗಿ ಬರೆಯದೆ ಇರುವುದು ನಮಗೆ ಸಾಧ್ಯವಾಗಲಿಲ್ಲ.

ಸಾದಲಿಯು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಆ ಕಡೆಯ ರೂಢಿ. ಹಿಪ್ಪುನೇರಳೆಯ ತೋಟ, ಹುಳು ಸಾಕುವ ಮನೆ, ಕೊಳವೆ ಬಾವಿಗಾಗಿ ಮಾಡಿದ ಸಾಲ, ಈ ಮೂರು ಎಳೆಗಳನ್ನು ಹೊಸೆದ ಹಗ್ಗದ ಮೇಲೆಯೇ ಅಲ್ಲಿನ ಸಂಸಾರಗಳು ನಡೆಯುವುದು. ಆ ಹೋಬಳಿಯ ಗ್ರಾಮವೊಂದರಲ್ಲಿ ಸ್ತ್ರೀಯರ ಸ್ವಸಹಾಯ ಸಂಘಗಳವರಿಗಾಗಿ ನಡೆದ ಸಾಬೂನು ತಯಾರಿಕೆಯ ಶಿಬಿರಕ್ಕೆ ನಮ್ಮನ್ನು ಅತಿಥಿಯಾಗಿ ಬರಮಾಡಿಕೊಂಡಿದ್ದರು. ನಡೆಸಿದವರು ಯಾರೆಂದು ಇಲ್ಲಿ ಎತ್ತುವ ಉದ್ದೇಶ ನಮಗಿಲ್ಲ. ಹೀಗೆ ನಡೆಸುವವರು ಅವರೊಬ್ಬರೇ ಅಲ್ಲ. ಮೇಜಿನ ಮೇಲೆ ಬಿಳಿಯ ಗಟ್ಟಿಗಳ ಒಂದು ರಾಶಿ ಇದ್ದಿತು. ಅದಕ್ಕೆ 'ಸೋಪ್ ಬೇಸ್' ಎಂದು ಹೆಸರಂತೆ. ದೂರದ ಯಾವುದೋ ಕಾರ್ಖಾನೆಯಲ್ಲಿ ಎಣ್ಣೆಗೆ ಕ್ಷಾರ ಬೆರೆತು, ಕುದಿದು, ಸಾಬೂನೆಂಬುದು ಆಗಿ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಬಂದ ವಸ್ತುವದು. ಅದನ್ನು ಚೂರು ಮಾಡಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವುದು. ಅದಕ್ಕೆ ಹಸಿರು ಬಣ್ಣ ಒಂದು ಹನಿ, ಮಲ್ಲಿಗೆಯ ವಾಸನೆ ಎರಡು ಹನಿ ಬಿಡುವುದು. ಹೂವಿನಾಕಾರದ ಅಚ್ಚಿಗೆ ಹೊಯ್ಯುವುದು. ಅರ್ಧ ಗಂಟೆಯಲ್ಲಿ ಸಾಬೂನು ಸಿದ್ಧ. ಮಧ್ಯಾಹ್ನ ಪ್ರಮಾಣಪತ್ರ, ಭಾವಚಿತ್ರ, ಚಿತ್ರಾನ್ನ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯು ಇಂದಿಗೂ ನಮ್ಮ ಕಿವಿಯಲ್ಲಿದೆ: "ಸ್ವಾಮಿ, ಅಂಗಡಿ ಬೆಲ್ಲ ತಂದು ಕರಗಿಸಿ ಅಚ್ಚು ಹೊಯ್ದರೆ ನಾವು ಕಬ್ಬು ಬೆಳೆದ ಹಾಗಾಯಿತಾ?" ಸಭೆ ನಕ್ಕಿತು. ಶಿಕ್ಷಕರೂ ನಕ್ಕರು. ಉತ್ತರ ಮಾತ್ರ ಬರಲಿಲ್ಲ.

ಉತ್ತರವು ಬಾಗಿಲಾಚೆಯೇ ಬಿದ್ದಿತ್ತು. ಆ ಕಟ್ಟಡದ ಸುತ್ತ ನಾಲ್ಕಾರು ಹೊಂಗೆಯ ಮರಗಳು. ಒಣಗಿದ ಕಾಯಿಗಳು ಕಾಲಡಿಯಲ್ಲಿ ಪಟಪಟನೆ ಒಡೆಯುತ್ತಿದ್ದುವು. ಆಯುವವರಿಲ್ಲ. ಇಪ್ಪತ್ತು ಹೆಜ್ಜೆಯಾಚೆಗೆ ಬೇವು. ಗ್ರಾಮದ ದೇವಸ್ಥಾನದ ಹಿಂದೆ ಹಿಪ್ಪೆಯ ಮರವೊಂದು ಉಂಟೆಂದು ಅಲ್ಲಿಯವರೇ ಹೇಳಿದರು. ಎಣ್ಣೆಯು ಮರದಲ್ಲಿ ತೂಗಾಡುತ್ತಿರುವ ಊರಿಗೆ, ಹೊರದೇಶದ ತಾಳೆಯೆಣ್ಣೆಯಿಂದ ಮಾಡಿದ ಸಾಬೂನನ್ನು ತಂದು, ಅದನ್ನು ಕರಗಿಸುವುದನ್ನು ಕಲಿಸಿ, ಇದೇ ಗೃಹಕೈಗಾರಿಕೆಯೆಂದು ಹೇಳಿ ಹೋಗುವುದಾದರೆ, ಆ ಶಿಬಿರದಿಂದ ಉದ್ಧಾರವಾದವನು ಗಟ್ಟಿಯನ್ನು ಮಾರಿದ ವರ್ತಕನೊಬ್ಬನೇ.

ನಮ್ಮ ಸೀಮೆಗೆ ಸಾಬೂನು ಹೊಸ ವಿಷಯವೂ ಅಲ್ಲ, ಸ್ವದೇಶಿಯು ನಿನ್ನೆ ಕಲಿತ ಶಬ್ದವೂ ಅಲ್ಲ. 1888ರಲ್ಲಿ ಲೀವರ್ ಸಹೋದರರ ಸನ್‌ಲೈಟ್ ಸಾಬೂನು ಇಂಗ್ಲೆಂಡಿನಿಂದ ಕಲ್ಕತ್ತೆಯ ಹಡಗುಕಟ್ಟೆಗೆ ಬಂದಿಳಿಯಿತು. ಅಲ್ಲಿಂದ ಮೂವತ್ತು ವರ್ಷ ತುಂಬುವುದರೊಳಗೆ ಮೈಸೂರು ಸಂಸ್ಥಾನವು ತನ್ನ ಸ್ವಂತ ಸಾಬೂನನ್ನು ಮಾಡಲು ಹೊರಟಿತು. ಮೊದಲನೆಯ ಮಹಾಯುದ್ಧದಿಂದ ಗಂಧದ ಮರವನ್ನು ಯೂರೋಪಿಗೆ ಕಳುಹಿಸುವುದು ನಿಂತುಹೋಗಿ ಕೊರಡುಗಳು ಕೊಳ್ಳುವವರಿಲ್ಲದೆ ಉಳಿದಾಗ, 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ಇಳಿಸುವ ಕಾರ್ಖಾನೆಯನ್ನು ತೆರೆದರು. ಎರಡು ವರ್ಷಗಳಲ್ಲಿ ಸಾಬೂನಿನ ಕಾರ್ಖಾನೆಯೂ ಆಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಪ್ರಭುತ್ವ, ವಿಶ್ವೇಶ್ವರಯ್ಯನವರ ದಿವಾನಗಿರಿ, ಇಂಗ್ಲೆಂಡಿಗೆ ಹೋಗಿ ಸಾಬೂನಿನ ಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮ, ಇವು ಕೂಡಿ ಆದ ಕೆಲಸವದು. ಶರಭದ ಮುದ್ರೆಯುಳ್ಳ ಆ ಸಾಬೂನು ಇಂದಿಗೂ ನಮ್ಮ ಬಚ್ಚಲುಮನೆಗಳಲ್ಲಿದೆ. (ಅದೇ ಸರ್ಕಾರೀ ಕಂಪನಿಯು 2025ರಲ್ಲಿ ಚಲಚ್ಚಿತ್ರ ನಟಿಯೊಬ್ಬರನ್ನು ಎರಡು ವರ್ಷಗಳ ಪ್ರಚಾರಕ್ಕಾಗಿ 6 ಕೋಟಿ 20 ಲಕ್ಷ ರೂಪಾಯಿಗಳಿಗೆ ಗೊತ್ತುಮಾಡಿದಾಗ, ಆಕೆ ಕನ್ನಡಿತಿಯೋ ಅಲ್ಲವೋ ಎಂದು ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಅಷ್ಟು ಹಣದಲ್ಲಿ ಎಷ್ಟು ಹೋಬಳಿಗಳಲ್ಲಿ ಎಣ್ಣೆಯ ಗಾಣ ನಿಲ್ಲುತ್ತಿತ್ತೆಂದು ಕೇಳಿದವರನ್ನು ನಾವು ಕಾಣಲಿಲ್ಲ.)

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ, ನಂದಿಬೆಟ್ಟದ ನೆರೆಯಲ್ಲಿ. ಅದೇ ಬೆಟ್ಟದ ಮೇಲೆ 1927ರ ಬೇಸಗೆಯಲ್ಲಿ, ದೇಹಸ್ಥಿತಿ ಕೆಟ್ಟು, ಗಾಂಧಿಯವರು ವಿಶ್ರಾಂತಿ ಪಡೆದರು. ಒಬ್ಬರು ದೊಡ್ಡ ಯಂತ್ರೋದ್ಯಮವಿಲ್ಲದೆ ದೇಶಕ್ಕೆ ಉಳಿವಿಲ್ಲವೆಂದು ನಂಬಿದವರು. ಇನ್ನೊಬ್ಬರು ಯಂತ್ರೋದ್ಯಮವು ಹಳ್ಳಿಯನ್ನು ನುಂಗುವುದೆಂದು ಅಂಜಿದವರು, 1934ರಲ್ಲಿ ವರ್ಧೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿ ಅದರ ಕಾರ್ಯಭಾರವನ್ನು ಜೆ. ಸಿ. ಕುಮಾರಪ್ಪನವರಿಗೆ ಒಪ್ಪಿಸಿದವರು. ಈ ಇಬ್ಬರು ಮಹನೀಯರ ವಿವಾದವನ್ನು ತೀರ್ಮಾನಿಸುವಷ್ಟು ದೊಡ್ಡವರು ನಾವಲ್ಲ. ಒಂದು ಮಾತನ್ನು ಮಾತ್ರ ಹೇಳಬಹುದು. ಇಬ್ಬರೂ ಊರಿನ ಕಚ್ಚಾ ಪದಾರ್ಥದಿಂದ ಆರಂಭಿಸಿದರು. ಒಬ್ಬರು ಗಂಧದ ಕೊರಡನ್ನು ನೋಡಿ ಕಾರ್ಖಾನೆಯನ್ನು ಯೋಚಿಸಿದರು. ಇನ್ನೊಬ್ಬರ ಅನುಯಾಯಿಗಳು ತಿನ್ನಲು ಬಾರದ ಬೇವು, ಹೊಂಗೆ ಮುಂತಾದ ಎಣ್ಣೆಗಳಿಂದ ಸಾಬೂನು ಮಾಡಿ, ತಿನ್ನುವ ಎಣ್ಣೆಯನ್ನು ಬಾಯಿಗೆ ಉಳಿಸಬೇಕೆಂದರು. ಅನಂತರ ಬಂದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೂ ಅಖಾದ್ಯ ತೈಲ ಮತ್ತು ಸಾಬೂನನ್ನು ಒಂದೇ ಉದ್ಯೋಗವೆಂದು ಎಣಿಸಿತು. ಇಂದಿನ ಶಿಬಿರಗಳು ಎಣ್ಣೆಯನ್ನು ಕೈಬಿಟ್ಟು ಸಾಬೂನನ್ನು ಮಾತ್ರ ಹಿಡಿದುಕೊಂಡಿವೆ.

ಹೊಂಗೆಯಿಂದ ಸಾಬೂನಾಗುವುದೇ ಎಂದು ಕೆಲವು ಅಧಿಕಾರಿಗಳು ಕೇಳುತ್ತಾರೆ. ಆಗುತ್ತದೆ, ಆದರೆ ಹೊಂಗೆಯೊಂದರಿಂದಲೇ ಒಳ್ಳೆಯ ಸಾಬೂನು ಆಗುವುದಿಲ್ಲ. ಈ ಭೇದವನ್ನು ತಿಳಿಯದೆ ಕೈ ಹಾಕಿದವರಲ್ಲಿ ನಾವೂ ಒಬ್ಬರು. ಕೆಲವು ವರ್ಷಗಳ ಹಿಂದೆ ಉತ್ಸಾಹದ ಭರದಲ್ಲಿ ಎರಡು ಸೇರು ಹೊಂಗೆಯೆಣ್ಣೆಯನ್ನು ತರಿಸಿ, ಕಾಸ್ಟಿಕ್ ಸೋಡವನ್ನು ತೂಗದೆ ಕಣ್ಣಂದಾಜಿನಲ್ಲಿ ಹಾಕಿ, ಅದೂ ಅಲ್ಯೂಮಿನಿಯಮ್ ಪಾತ್ರೆಯಲ್ಲಿ ಕಲಸಲು ಹೋದೆವು. ಪಾತ್ರೆಯು ಕಪ್ಪಗೆ ತಿರುಗಿ ಬುಸುಗುಟ್ಟಿ ಉಕ್ಕಿತು. ಸಿಡಿದ ಹನಿಯಿಂದ ಮುಂಗೈ ಸುಟ್ಟಿತು. ಮನೆಯಾಕೆಯವರು ನಲ್ಲಿಯ ಕೆಳಗೆ ಕೈ ಹಿಡಿಸಿ ಕಾಲು ಗಂಟೆ ನಿಲ್ಲಿಸಿದರು. ಮಚ್ಚೆ ಇನ್ನೂ ಇದೆ. ಆ ಬಳಿಕ ತಿಳಿದವರಲ್ಲಿ ಕೇಳಿ, ನಾಲ್ಕಾರು ಬಾರಿ ಮಾಡಿ ನೋಡಿ, ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಇದರಲ್ಲಿ ಗುಟ್ಟಿನದೇನೂ ಇಲ್ಲ.

ಹೊಂಗೆಯೆಣ್ಣೆಯ ಸಾಬೂನು ಮೆತುವು, ಬಣ್ಣ ಕಂದು, ನೊರೆ ಅಲ್ಪ, ವಾಸನೆಯೋ, ಅಭ್ಯಾಸವಿಲ್ಲದವರಿಗೆ ಕಷ್ಟ. ಹಿಪ್ಪೆಯೆಣ್ಣೆಯು ಚಳಿಗಾಲದಲ್ಲಿ ಬೆಣ್ಣೆಯಂತೆ ಹೆಪ್ಪುಗಟ್ಟುವ ಜಾತಿಯದು. ಅದರಿಂದ ಬಿಲ್ಲೆಗೆ ಗಟ್ಟಿತನ ಬರುತ್ತದೆ. ಕೊಬ್ಬರಿ ಎಣ್ಣೆಯಿಂದ ನೊರೆ ಬರುತ್ತದೆ. ಆದುದರಿಂದ ಒಂದು ಕಿಲೋ ಎಣ್ಣೆಯಲ್ಲಿ ಅರ್ಧ ಕಿಲೋ ಕೊಬ್ಬರಿ, 300 ಗ್ರಾಂ ಹಿಪ್ಪೆ, 200 ಗ್ರಾಂ ಹೊಂಗೆ ಎಂದು ಬೆರೆಸಿಕೊಂಡರೆ, ಅದಕ್ಕೆ ಸುಮಾರು 150 ಗ್ರಾಂ ಕಾಸ್ಟಿಕ್ ಸೋಡವೂ 320 ಗ್ರಾಂ ನೀರೂ ಸಾಕು. ಎಣ್ಣೆಯ ಪಾಲುಗಳು ಬದಲಾದರೆ ಸೋಡವೂ ಬದಲಾಗಬೇಕು: ಕೊಬ್ಬರಿ ಎಣ್ಣೆಯು ಕಿಲೋ ಒಂದಕ್ಕೆ 180 ಗ್ರಾಮಿಗೂ ಸ್ವಲ್ಪ ಮೇಲಾಗಿ ಸೋಡವನ್ನು ಬೇಡುತ್ತದೆ, ಹೊಂಗೆ ಮತ್ತು ಹಿಪ್ಪೆಗಳಿಗೆ 135ರ ಆಸುಪಾಸು ಸಾಕು. ಆ ಲೆಕ್ಕದಿಂದ ಬಂದ ಮೊತ್ತದಲ್ಲಿ ನೂರಕ್ಕೆ ಐದು ಪಾಲು ಕಡಮೆ ಮಾಡಿ ಹಾಕಿದರೆ ಸ್ವಲ್ಪ ಎಣ್ಣೆಯು ಉಳಿದು ಚರ್ಮಕ್ಕೆ ಹಿತ, ಹೆಚ್ಚಾದರೆ ಉರಿ. ಕಣ್ಣಂದಾಜು ಇಲ್ಲಿ ನಡೆಯದು, ತಕ್ಕಡಿಯೇ ಗುರು. ನೀರಿಗೆ ಸೋಡವನ್ನು ನಿಧಾನವಾಗಿ ಹಾಕಬೇಕೇ ಹೊರತು ಸೋಡದ ಮೇಲೆ ನೀರನ್ನು ಹೊಯ್ಯಕೂಡದು. ಸ್ಟೀಲಿನ ಪಾತ್ರೆ, ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ, ಮಕ್ಕಳು ದೂರ. ಕ್ಷಾರದ ನೀರೂ ಎಣ್ಣೆಯೂ ಕೈಗೆ ಬೆಚ್ಚಗೆ ತೋರುವಷ್ಟು ಆರಿದ ಮೇಲೆ ಕೂಡಿಸಿ, ಮಜ್ಜಿಗೆ ಕಡೆದಂತೆ ಕಡೆದು, ಗಂಜಿಯ ಹದ ಬಂದಾಗ ಅಚ್ಚಿಗೆ ಹೊಯ್ದು, ಮರುದಿನ ಕತ್ತರಿಸಿ, ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಿಸಬೇಕು. ಅರ್ಧ ಗಂಟೆಯ ಶಿಬಿರಕ್ಕೆ ಹೊಂದದ ಭಾಗವು ಇದೇ! ಒಣಗಿದ ಮೇಲೆ 100 ಗ್ರಾಮಿನ ಹನ್ನೆರಡು ಹದಿಮೂರು ಬಿಲ್ಲೆ ಸಿಕ್ಕುತ್ತವೆ. ಕ್ಷಾರವೇನಾದರೂ ಉಳಿದಿದೆಯೆ ಎಂದು ನೋಡಲು ಚೂರೊಂದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಫಿನಾಲ್ಫ್ಥಲೀನಿನ ಒಂದು ಹನಿ ಬಿಡಬೇಕು. ಕೆಂಪೇರಿದರೆ ಸಾಬೂನು ಮೈಗೆ ಯೋಗ್ಯವಲ್ಲ. ಈ ಪರೀಕ್ಷೆಯನ್ನು ಹೋಬಳಿಯ ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರು ಐದು ನಿಮಿಷದಲ್ಲಿ ಮಾಡಿ ತೋರಿಸಬಲ್ಲರು. ಹುಡುಗರಿಗೂ ಅದೊಂದು ಪಾಠವಾದೀತು.

ಹೀಗೆ ಮಾಡಿದ ಬಿಲ್ಲೆಯಲ್ಲಿ ಗ್ಲಿಸರಿನ್ ಎಂಬ ಪದಾರ್ಥವು ಒಳಗೇ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಬೇರ್ಪಡಿಸಿ ಬೇರೆಯಾಗಿ ಮಾರಿಕೊಳ್ಳುತ್ತವೆ. ಅಂಗಡಿಯ ಬಿಲ್ಲೆಯನ್ನು ಕೊಳ್ಳುವ ವಾಚಕರು ಇನ್ನು ಮುಂದೆ ಹೊದಿಕೆಯ ಸಣ್ಣಕ್ಷರವನ್ನು ಓದುವ ಶ್ರಮ ತೆಗೆದುಕೊಳ್ಳಲಿ. 'ಟಾಯ್ಲೆಟ್ ಸೋಪ್' ಎಂದಿದ್ದರೆ ಅದು ಸಾಬೂನು. ಅದರಲ್ಲಿ ಮೊದಲನೆಯ ದರ್ಜೆಗೆ ಒಟ್ಟು ಕೊಬ್ಬಿನಂಶವು ನೂರಕ್ಕೆ 76ಕ್ಕಿಂತ ಕಡಮೆಯಿರಕೂಡದೆಂದು ನಿಯಮ. 'ಬೇದಿಂಗ್ ಬಾರ್' ಎಂದಿದ್ದರೆ ಅದು ಬೇರೆ ಜಾತಿ. ಬಣ್ಣದ ಕಾಗದಕ್ಕೂ ನಟಿಯ ನಗೆಗೂ ಕೊಟ್ಟ ಬೆಲೆಯಲ್ಲಿ ಸಾಬೂನಿಗೆ ಎಷ್ಟು ಸಂದಿತೆಂಬುದು ಆಗ ಗೊತ್ತಾಗುವುದು.

ಇಲ್ಲಿಗೆ ವಿಷಯವು ಮುಗಿಯುವಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಸಾಬೂನಿನ ಪ್ರಶ್ನೆಯು ನೀರಿನ ಪ್ರಶ್ನೆಯನ್ನು ಬಿಟ್ಟಿಲ್ಲ. ಮೇಲೆ ಹೇಳಿದ ಕ್ರಮದಲ್ಲಿಯೇ ಮಾಡಿದ ಸಾಬೂನನ್ನು ಮಳೆಯ ನೀರಿನಲ್ಲಿ ಉಜ್ಜಿದರೆ ಕೈತುಂಬ ನೊರೆ. ಸಾವಿರ ಅಡಿಗೂ ಮೀರಿ ಕೊರೆದ ಬಾವಿಯ ನೀರಿನಲ್ಲಿ ಉಜ್ಜಿದರೆ ನೊರೆಯ ಬದಲು ಮೊಸರೊಡೆದಂತೆ ಬಿಳಿಯ ಕರಟು. ನೀರಿನಲ್ಲಿ ಕರಗಿರುವ ಸುಣ್ಣದಂಶವು ಸಾಬೂನನ್ನು ಹಿಡಿದು ಕರಗದ ವಸ್ತುವನ್ನಾಗಿ ಮಾಡಿಬಿಡುತ್ತದೆ; ಸುಣ್ಣವು ತೀರುವವರೆಗೆ ಹಾಕಿದ ಸಾಬೂನೆಲ್ಲ ದಂಡ. ನಮ್ಮ ಹಿರಿಯರಿಗೆ ಕೆರೆಯ ನೀರಿತ್ತು. ಅದು ಮಳೆಯ ನೀರೇ ಆದುದರಿಂದ ಮೆದು. ಅಷ್ಟಾದರೂ ಅವರು ತಲೆಗೆ ಸೀಗೆಯನ್ನೂ ರೇಷ್ಮೆಯ ಸೀರೆಗೆ ಅಂಟುವಾಳವನ್ನೂ ಬಳಸಿದರು. ಈ ಕಾಯಿಗಳ ನೊರೆಯು ಸುಣ್ಣದ ನೀರಿನಲ್ಲಿಯೂ ಕೆಡುವುದಿಲ್ಲವೆಂಬುದನ್ನು ರಸಾಯನಶಾಸ್ತ್ರವು ಇಂದು ಹೇಳುತ್ತದೆ. ನಮ್ಮ ತಾಯಂದಿರು ಶಾಸ್ತ್ರ ಓದದೆಯೇ ಬಲ್ಲವರಾಗಿದ್ದರು. ಮಡಿವಾಳರ ಪದ್ಧತಿಯು ಇನ್ನೂ ಸೂಕ್ಷ್ಮ. ಚೌಳುಮಣ್ಣನ್ನು ನೀರಿನಲ್ಲಿ ಕದಡಿ ತಿಳಿಯಾದುದನ್ನು ಬಟ್ಟೆಗೆ ಊಡಿಸಿ, ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸಿ, ಆಮೇಲೆ ಒಗೆಯುತ್ತಿದ್ದರು. ಚೌಳಿನಲ್ಲಿರುವ ಸೋಡವು ಮೊದಲು ನೀರಿನ ಗಡಸನ್ನು ತೆಗೆದು, ಅನಂತರ ಬಟ್ಟೆಯ ಜಿಡ್ಡನ್ನು ತೆಗೆಯುತ್ತಿತ್ತು. ಎರಡು ಹಂತದ ಈ ವಿದ್ಯೆಯನ್ನು ನಾವು ಜಾತಿಯ ಕಸುಬೆಂದು ಕೀಳಾಗಿ ಕಂಡೆವು. ಉಬ್ಬೆಯ ಮಡಕೆಯೊಂದಿಗೆ ಅದೂ ಒಡೆದುಹೋಯಿತು.

ಕೆರೆಗಳು ಹೂಳು ತುಂಬಿ ಬತ್ತಿದುವು; ಕೊಳವೆ ಬಾವಿಯ ಗಡಸು ನೀರು ಬಂದಿತು; ಗಡಸು ನೀರಿನಲ್ಲಿಯೂ ನೊರೆಯುವ ಡಿಟರ್ಜೆಂಟ್ ಪುಡಿಯು ಅದರ ಬೆನ್ನಿಗೇ ಬಂದಿತು. ಬೆಲೆ ಅಗ್ಗವಾದದ್ದೂ ಜಾಹೀರಾತು ಜೋರಾದದ್ದೂ ನಿಜ. ಆದರೆ ಕೋಲಾರ ಚಿಕ್ಕಬಳ್ಳಾಪುರಗಳ ಹಳ್ಳಿಗಳಲ್ಲಿ ಪುಡಿಯು ಸಾಬೂನನ್ನು ಗೆದ್ದದ್ದಕ್ಕೆ ನೀರಿನ ಈ ಕಾರಣವೂ ಒಂದೆಂಬುದನ್ನು ನಾವು ಮರೆತಿದ್ದೇವೆ. ಇನ್ನೊಂದು ಕೌತುಕವನ್ನು ಕೇಳಿ. ಬೆಂಗಳೂರಿನವರು ಒಗೆದು, ಮಿಂದು, ತೊಳೆದು ಬಿಟ್ಟ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿ ಮಾಡಿ, ಕೋರಮಂಗಲ ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕಡೆಗೂ, ಹೆಬ್ಬಾಳ ನಾಗವಾರ ಕಣಿವೆಯಿಂದ ನಮ್ಮ ಚಿಕ್ಕಬಳ್ಳಾಪುರದ ಕಡೆಗೂ ಕೊಳವೆಯಲ್ಲಿ ಏರಿಸಿ, ಒಣಗಿದ ಕೆರೆಗಳಿಗೆ ತುಂಬುತ್ತಿದ್ದಾರೆ. 2018ರಲ್ಲಿ ಕೋಲಾರದ ಕೆರೆಯಲ್ಲಿ ಆ ನೀರಿನೊಂದಿಗೆ ನೊರೆಯೂ ಕಾಣಿಸಿಕೊಂಡು ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೆ ಹೋಯಿತು. ನೀರಿಲ್ಲದ ಸೀಮೆಗೆ ನೀರು ಬಂದದ್ದನ್ನು ನಾವು ನಿಂದಿಸುವವರಲ್ಲ. ಕೆರೆಯಲ್ಲಿ ನೀರು ನಿಂತು ಸುತ್ತಣ ಬಾವಿಗಳು ಊಡಿದ ಹಳ್ಳಿಯ ರೈತನೊಡನೆ ವಾದಿಸುವ ಧೈರ್ಯ ನಮಗಿಲ್ಲ. ಮೂರನೆಯ ಹಂತದ ಶುದ್ಧಿಯೂ ಆಗಲೇಬೇಕೆಂಬ ಬೇಡಿಕೆಯನ್ನು ಈ ಪತ್ರಿಕೆಯು ಬಿಟ್ಟೂ ಇಲ್ಲ. ಆದರೆ ಬೆಂಗಳೂರಿನ ಗೃಹಿಣಿಯು ಬಚ್ಚಲಿಗೆ ಬಿಡುವುದು ನಮ್ಮ ಕೆರೆಯ ಕಡೆಗೇ ಬರುವುದಾದ ಮೇಲೆ, ಆಕೆ ಯಾವ ಸಾಬೂನನ್ನು ಉಪಯೋಗಿಸುತ್ತಾಳೆಂದು ಕೇಳುವ ಹಕ್ಕು ಸಾದಲಿಯವರಿಗೆ ಉಂಟೋ ಇಲ್ಲವೋ? ಫಾಸ್ಫೇಟು ಸೇರಿದ ಪುಡಿಯು ಕೆರೆಯಲ್ಲಿ ಪಾಚಿಗೂ ಜೊಂಡಿಗೂ ಗೊಬ್ಬರ. ಭಾನುವಾರದ ಆ ವಿನೋದವು ನಮ್ಮ ಕಣ್ಣಿಗೆ ಬರಿಯ ವಿನೋದವಾಗಿ ಕಾಣದಿರುವುದು ಈ ಕಾರಣದಿಂದ.

ಇನ್ನು ಶಾಸನದ ವಿಷಯ. ಔಷಧಿ ಮತ್ತು ಸೌಂದರ್ಯ ಸಾಧನಗಳ 1940ರ ಶಾಸನದಲ್ಲಿ ಸಾಬೂನನ್ನು ಮೊದಲು ಹೊರಗಿಟ್ಟಿದ್ದರು. 1982ರ ತಿದ್ದುಪಡಿಯಿಂದ ಅದು ಒಳಗೆ ಬಂದಿತು. 2020ರ ನಿಯಮಗಳ ಪ್ರಕಾರ ಮೈಗೆ ಹಚ್ಚುವ ಸಾಬೂನನ್ನು ಮಾರಾಟಕ್ಕಾಗಿ ಮಾಡುವವರು ರಾಜ್ಯದ ಅಧಿಕಾರಿಗಳಿಂದ ಪರವಾನಗಿ ಪಡೆದಿರಬೇಕು. ನಿಯಮವು ಅನ್ಯಾಯದ್ದೆಂದು ನಾವು ಹೇಳೆವು. ಕ್ಷಾರವು ಮಗುವಿನ ಚರ್ಮವನ್ನು ಸುಡಬಲ್ಲದೆಂಬುದಕ್ಕೆ ನಮ್ಮ ಮುಂಗೈಯೇ ಸಾಕ್ಷಿ. ಆದರೆ ಲಕ್ಷಾಂತರ ಬಿಲ್ಲೆಗಳ ಕಾರ್ಖಾನೆಗೂ, ತಿಂಗಳಿಗೆ ಇನ್ನೂರು ಬಿಲ್ಲೆ ಮಾಡುವ ಹತ್ತು ಮಂದಿ ಹೆಂಗಸರ ಸಂಘಕ್ಕೂ ಒಂದೇ ಬಾಗಿಲನ್ನು ತೋರಿಸುವುದು ಯಾವ ವಿವೇಕ? ಶಿಬಿರದಲ್ಲಿ ಈ ಪರವಾನಗಿಯ ಮಾತನ್ನು ಯಾರೂ ಎತ್ತಲಿಲ್ಲವೆಂಬುದು ಇನ್ನೂ ವಿಚಿತ್ರ. ಕಲಿಸಿ, ಮಾರಿರೆಂದು ಹೇಳಿ, ಮಾರಿದರೆ ತಪ್ಪಿತಸ್ಥರಾಗುವ ಸ್ಥಿತಿಯಲ್ಲಿ ಅವರನ್ನು ನಿಲ್ಲಿಸಿ ಹೋದರು. ಬಟ್ಟೆ ಒಗೆಯುವ ಸಾಬೂನು ಈ ಕಟ್ಟಿಗೆ ಒಳಪಟ್ಟುದಲ್ಲ. ಆದುದರಿಂದ ಸಾದಲಿಯವರು ಹೊಂಗೆಯ ಒಗೆಯುವ ಸಾಬೂನಿನಿಂದಲೇ ಆರಂಭಿಸುವುದು ಲೇಸೆಂದು ನಮ್ಮ ಸಲಹೆ. ಹೊಂಗೆಯ ಬಣ್ಣ ವಾಸನೆಗಳ ದೋಷವು ಅಲ್ಲಿ ಅಷ್ಟಾಗಿ ಬಾಧಿಸದು. ನೀರಿಗೆ ಮೊದಲು ಒಂದು ಚಮಚ ವಾಷಿಂಗ್ ಸೋಡ ಬೆರೆಸಿಕೊಂಡರೆ ಮಡಿವಾಳರ ಚೌಳಿನ ಕೆಲಸವೂ ಆದಂತಾಯಿತು. ತೂಕ, ಬೆಲೆ, ಮಾಡಿದವರ ವಿಳಾಸ, ತಿಂಗಳು, ಇವನ್ನು ಹೊದಿಕೆಯ ಮೇಲೆ ನಮೂದಿಸಲು ಯಾರೂ ಬೇಸರಪಡಬಾರದು.

ತೆರಿಗೆಯ ಕಥೆಯನ್ನೂ ಹೇಳಿಬಿಡುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಬಿಲ್ಲೆಯ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಬಡವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಮೆ ಸರಕನ್ನು ಮಾರುವ ಸಣ್ಣ ತಯಾರಕರು ಈ ತೆರಿಗೆಯನ್ನು ಹಿಂದೆಯೂ ಕೊಡುತ್ತಿರಲಿಲ್ಲ. ಈಗ ದೊಡ್ಡ ಕಂಪನಿಯ ಬಿಲ್ಲೆಯು ಅಗ್ಗವಾದಷ್ಟೂ ಇವರ ಬಿಲ್ಲೆಯು ತುಟ್ಟಿಯಾಗಿ ಕಾಣುತ್ತದೆ. ಸೋಡವನ್ನು ಕೊಳ್ಳುವಾಗ ಇವರು ತೆತ್ತ ತೆರಿಗೆಯನ್ನು ಹಿಂದಕ್ಕೆ ಪಡೆಯುವ ದಾರಿಯೂ ಇವರಿಗಿಲ್ಲ. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಮಡಿವಾಳರಿದ್ದಾರೆ, ಹೂ ಕಟ್ಟುವವರಿದ್ದಾರೆ, ಬುಟ್ಟಿ ಹೆಣೆಯುವವರಿದ್ದಾರೆ, ಸಾಬೂನು ಮಾಡುವವರಿಲ್ಲ. ಗಾಣದವರೂ ಇಲ್ಲ.

ರೇಷ್ಮೆಯ ಸೀಮೆಯಲ್ಲಿ ಕುಳಿತು ರೇಷ್ಮೆಯನ್ನು ಮರೆತು ಸಾಬೂನಿನ ಮಾತನಾಡುತ್ತಾರೆಂದು ಶಿಡ್ಲಘಟ್ಟದ ನೂಲು ತೆಗೆಯುವ ಮಿತ್ರರು ಆಕ್ಷೇಪಿಸಬಹುದು. ಅವರಿಗೆ ಗೊತ್ತಿರುವುದನ್ನೇ ನೆನಪಿಗೆ ತರುತ್ತೇವೆ. ಅವರ ಕಚ್ಚಾ ರೇಷ್ಮೆಯು ನೇಯ್ಗೆಯ ಊರುಗಳಿಗೆ ಹೋದ ಮೇಲೆ ಅಲ್ಲಿ ಸಾಬೂನು ಸೋಡಗಳ ನೀರಿನಲ್ಲಿ ಬೇಯುತ್ತದೆ. ಅಂಟು ಕಳೆದು, ತೂಕದಲ್ಲಿ ಹೆಚ್ಚು ಕಡಮೆ ಕಾಲು ಪಾಲನ್ನು ಬಿಟ್ಟುಕೊಟ್ಟು, ಆಗ ಹೊಳಪಿಗೆ ಬರುತ್ತದೆ. ಸಾಬೂನಿಲ್ಲದೆ ರೇಷ್ಮೆಯ ಸೀರೆಯಿಲ್ಲ! ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳುವಿನಲ್ಲಿ, ಒಣಗಿಸಿದರೆ, ಕಾಲು ಪಾಲಿಗೂ ಮೇಲ್ಪಟ್ಟು ಎಣ್ಣೆಯಿದೆ. ಅದೂ ಸಾಬೂನಿಗೆ ಬರುತ್ತದೆ. ಅದರ ದುರ್ವಾಸನೆಯು ಶಿಡ್ಲಘಟ್ಟದ ಬೀದಿಗಳಲ್ಲಿ ನಡೆದವರಿಗೆಲ್ಲ ಪರಿಚಿತ. ಆ ವಾಸನೆಯನ್ನು ಕಳೆದು ಎಣ್ಣೆಯನ್ನು ಉಳಿಸುವುದು ಮನೆಯ ಒಲೆಯ ಮೇಲೆ ಆಗುವ ಕೆಲಸವಲ್ಲ, ಸಂಶೋಧನಾಲಯದ ಕೆಲಸ. ಒಡಕು ಗೂಡುಗಳಿಂದ ಹೂವು ಹಾರಗಳನ್ನು ಮಾಡುವ ಕೈಗೆಲಸವೂ ಉಂಟು, ಚೆನ್ನಾಗಿಯೇ ಇರುತ್ತವೆ. ಹಾರವನ್ನು ಎಷ್ಟು ಮಂತ್ರಿಗಳಿಗೆ ಹಾಕಿಯಾರು?

ಪ್ರಾಮಾಣಿಕವಾದ ಲೆಕ್ಕವನ್ನೂ ವಾಚಕರ ಮುಂದಿಡಬೇಕು. ಹೊಂಗೆಯ ಬೀಜ ನಾಲ್ಕು ಕಿಲೋ ಅರೆದರೆ ಒಂದು ಕಿಲೋ ಎಣ್ಣೆಯಾಗುವುದು. ಉಳಿದ ಹಿಂಡಿಯು ಹಿಪ್ಪುನೇರಳೆಯ ತೋಟಕ್ಕೆ ಒಳ್ಳೆಯ ಗೊಬ್ಬರ. ಬೀಜವನ್ನು ಆಯುವ, ಒಡೆಯುವ, ಹೊರುವ ಕೂಲಿಯನ್ನು ಕಟ್ಟಿ ನೋಡಿದರೆ ಈ ಸಾಬೂನಿನಿಂದ ಒಂದು ಸಂಸಾರವು ಬದುಕುವುದೆಂದು ಹೇಳುವವನು ಸುಳ್ಳು ಹೇಳುತ್ತಾನೆ. ಹುಳು ಸಾಕುವ ಮನೆಯಲ್ಲಿ ಜ್ವರಕ್ಕೆ ಬಿಡುವು ಸಿಕ್ಕಬಹುದು, ಹುಳುವಿನ ನಾಲ್ಕನೆಯ ಜ್ವರ ಕಳೆದ ಮೇಲೆ ಹೆಂಗಸರಿಗೆ ಬಿಡುವು ಸಿಕ್ಕುವುದಿಲ್ಲ. ಆ ದಿನಗಳಲ್ಲಿ ಸಾಬೂನಿನ ಮಾತು ಆಡುವವನನ್ನು ಸೊಪ್ಪಿನ ಹೊರೆಯಿಂದ ಹೊಡೆದಾರು. ಆದುದರಿಂದ ಇದನ್ನು ಸ್ವಯಂ ಉದ್ಯೋಗವೆಂಬ ದೊಡ್ಡ ಹೆಸರಿನಿಂದ ಕರೆಯುವುದು ಬೇಡ. ಎರಡು ಬೆಳೆಗಳ ನಡುವೆ ಮಾಡುವ ಕೈಗೆಲಸವಿದು. ಮನೆಯ ಖರ್ಚಿನಲ್ಲಿ ಒಂದು ಬಾಬು ತಪ್ಪೀತು, ಮಿಕ್ಕದ್ದು ಸಂತೆಯಲ್ಲಿ ನಾಲ್ಕು ಕಾಸು ತಂದೀತು. ನಾಲ್ಕು ಕಾಸು ಯಾರ ಕೈಗೆ ಬರುತ್ತದೆಂಬುದು ಮುಖ್ಯ. ಗೂಡಿನ ಮಾರುಕಟ್ಟೆಯ ಹಣವು ಗಂಡಸರ ಜೇಬಿಗೆ ಹೋಗುವ ಸೀಮೆಯಲ್ಲಿ, ತನ್ನ ಹೆಸರಿನ ಹಣವನ್ನು ಕಂಡಿರದ ಹೆಂಗಸಿಗೆ ಅದು ಸಣ್ಣ ಮಾತಲ್ಲ.

ನಮ್ಮ ಕೋರಿಕೆಯು ದೊಡ್ಡದಲ್ಲ. ಮುಂದಿನ ಶಿಬಿರಕ್ಕೆ ತರುವ ಬಿಳಿಯ ಗಟ್ಟಿಯ ಹಣದಿಂದ, ಸಾದಲಿಯಲ್ಲಿ ಬೀಜ ಅರೆಯುವ ಸಣ್ಣ ಯಂತ್ರವೊಂದಕ್ಕೆ ಮೊದಲ ಕಂತನ್ನು ಕಟ್ಟಲಿ. 2009ರ ಜೈವಿಕ ಇಂಧನ ನೀತಿಯ ಕಾಲದಿಂದ ಹೊಂಗೆಯ ಸಸಿಗಳನ್ನು ಹಂಚಿ ನೆಡಿಸಿದ ಇಲಾಖೆಗಳು, ನೆಟ್ಟ ಮರದ ಬೀಜವನ್ನು ಯಾರು ಆಯಬಹುದು, ಯಾರು ಕೊಳ್ಳುತ್ತಾರೆ ಎಂಬುದನ್ನು ಪಂಚಾಯತಿಯ ಹಲಗೆಯ ಮೇಲೆ ಬರೆಸಲಿ. ಸಣ್ಣ ಸಂಘಗಳಿಗೆ ಹೋಬಳಿಯ ಮಟ್ಟದಲ್ಲಿಯೇ ಪರೀಕ್ಷೆ ಮಾಡಿ ಕೊಡುವ ಸುಲಭದ ಪರವಾನಗಿಯೊಂದನ್ನು ನಿಯಮದಲ್ಲಿ ಸೇರಿಸುವಂತೆ ನಮ್ಮ ಶಾಸಕರೂ ಲೋಕಸಭಾ ಸದಸ್ಯರೂ ಕೇಳಲಿ. ಶಿಕ್ಷಕರಾಗಿ ಬರುವವರು ಒಂದು ಬಿಲ್ಲೆಯನ್ನಾದರೂ ಬೀಜದಿಂದ ಹಿಡಿದು ತಮ್ಮ ಕೈಯಾರೆ ಮಾಡಿ, ಆರು ವಾರ ಕಾದು, ತಮ್ಮ ಮೈಗೆ ಹಚ್ಚಿ ನೋಡಿ ಬರಲಿ. ಬೆಂಗಳೂರಿನ ಭಾನುವಾರದ ವಿನೋದಿಗಳಿಗೂ ಒಂದು ಮಾತು: ನಿಮ್ಮ ಸಾಬೂನಿಗೆ ಹೊರದೇಶದಿಂದ ಎಣ್ಣೆ ತರಿಸುವ ಬದಲು ಇಲ್ಲಿಯ ಹಿಪ್ಪೆಯೆಣ್ಣೆಯನ್ನು ಕೇಳಿ, ಕೇಳುವವರಿದ್ದರೆ ಗಾಣ ತಿರುಗುತ್ತದೆ.

ಶಿಬಿರದಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರಿಗೆ ಮೇಲೆ ಹೇಳಿದ ಲೆಕ್ಕವನ್ನು ಬರೆದು ಕಳುಹಿಸಿದ್ದೆವು. ಎರಡು ತಿಂಗಳಾದ ಮೇಲೆ ಬಸ್ಸಿನವರ ಕೈಯಲ್ಲಿ ಕಾಗದದ ಪೊಟ್ಟಣವೊಂದು ಕಚೇರಿಗೆ ಬಂದಿತು: ಕಂದುಬಣ್ಣದ ನಾಲ್ಕು ಬಿಲ್ಲೆ, ಅಂಚು ಸೊಟ್ಟ. ಮುದ್ರಣಾಲಯದ ಹುಡುಗರು ಮಸಿಯ ಕೈಯನ್ನು ಅದರಿಂದಲೇ ತೊಳೆಯುತ್ತಿದ್ದಾರೆ. ಮಸಿ ಹೋಗುತ್ತದೆ, ವಾಸನೆಯ ವಿಷಯದಲ್ಲಿ ದೂರು ಇದೆ. ಎಣ್ಣೆಯನ್ನು ಎಲ್ಲಿ ಅರೆಸಿದಿರೆಂದು ಕೇಳಿ ಕಳುಹಿಸಿದ್ದಕ್ಕೆ ಬಂದ ಉತ್ತರವಿದು: ಇಲ್ಲಿ ಗಾಣವಿಲ್ಲ, ಬೀಜ ಹೊತ್ತು ಚಿಂತಾಮಣಿಗೆ ಹೋಗಿ ಬಂದೆವು. ಮಾಘದ ಹೊತ್ತಿಗೆ ಹೊಂಗೆಯ ಕಾಯಿ ಮತ್ತೆ ಒಣಗಿ ಉದುರುತ್ತದೆ.